ಅತ್ತೆಗೆ ಐದು ದಿನ, ಸೊಸೆಗೆ ಇಪ್ಪತ್ತು ದಿನ

"ಅವಳಿಗೆ ಇಪ್ಪತ್ತು ದಿನ ಕರೆಂಟು. ನಂಗೆ ಒಂದು ದಿನಾನೂ ಬೇಡ್ವಂತಾ?"

ಅಮ್ಮ ಹೀಗೆ ಕೇಳಿದ್ದು 2023ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಿಂದ ಶಿಡ್ಲಘಟ್ಟಕ್ಕೆ ವಾಪಸ್ ಬರುವ ಬಸ್ಸಿನಲ್ಲಿ. ಪಕ್ಕದಲ್ಲೇ ಕೂತಿದ್ದ ನನಗೆ ಉತ್ತರ ಗೊತ್ತಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ತಮ್ಮ ಹಿಂದಕ್ಕೆ ತಿರುಗಿ, "ವಯಸ್ಸಾಯ್ತು ಅಂತ ಕೈಬಿಟ್ಟಿದ್ದಾರೆ ಕಣಮ್ಮ, ಇನ್ನೇನು" ಅಂದ. ಅಮ್ಮ ಸೆರಗು ಹೊದ್ದುಕೊಂಡು ಸುಮ್ಮನಾದಳು. ದೇವನಹಳ್ಳಿ ದಾಟುವವರೆಗೂ ಯಾರೂ ಮಾತಾಡಲಿಲ್ಲ.

ನಮ್ಮ ಕಡೆ ರೇಡಿಯೊಥೆರಪಿಗೆ, ಅಂದರೆ ವಿಕಿರಣ ಚಿಕಿತ್ಸೆಗೆ, ಕರೆಂಟ್ ಕೊಡುವುದು ಅಂತಲೇ ಹೇಳುತ್ತಾರೆ. ಒಂದೇ ಮನೆಯ ಇಬ್ಬರು ಹೆಂಗಸರಿಗೆ ಒಂದೇ ವರ್ಷದಲ್ಲಿ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಅಮ್ಮನಿಗೆ ಆಗ 71, ನನ್ನ ತಮ್ಮನ ಹೆಂಡತಿಗೆ 36. ಇಬ್ಬರಿಗೂ ಒಂದೇ ಆಸ್ಪತ್ರೆ, ಒಬ್ಬರೇ ರೇಡಿಯೊಥೆರಪಿ ಡಾಕ್ಟರು. ಚಿಕಿತ್ಸೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗಿತ್ತು. ಯಾಕೆ ಹಾಗೆ ಅನ್ನುವುದನ್ನು ನಾನು ನಿಧಾನವಾಗಿ ಕೇಳಿ, ಓದಿ ತಿಳಿದುಕೊಂಡೆ. ಇಬ್ಬರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳುಮನೆ, ಎರಡು ಹಸು. ರೇಷ್ಮೆ ಹುಳು ಸಾಕುವುದು ಅಮ್ಮ ಮತ್ತು ನಾದಿನಿ. ಗೂಡು ಮಾರ್ಕೆಟ್ಟಿಗೆ ಹೋಗುವುದು ತಮ್ಮ. ನಾನು ಹಿರಿ ಮಗಳು, ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲ್ ವಿಜ್ಞಾನದ ಟೀಚರ್.

ಮೊದಲು ಗೊತ್ತಾಗಿದ್ದು ನಾದಿನಿಗೆ

2022ರ ಡಿಸೆಂಬರಿನಲ್ಲಿ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಗೋಲಿಯಷ್ಟು ಗಟ್ಟಿಯಾದದ್ದು ಅವಳ ಕೈಗೆ ಸಿಕ್ಕಿತು. ನೋವಿರಲಿಲ್ಲ. ಚಿಕ್ಕ ಮಗು ಹಾಲು ಬಿಟ್ಟು ಸ್ವಲ್ಪ ಸಮಯವಾಗಿತ್ತು. ಹತ್ತಿರದ ಡಾಕ್ಟರಿಗೆ ತೋರಿಸಿದರೆ, "ಈ ವಯಸ್ಸಿಗೆ ಅದೆಲ್ಲ ಬರಲ್ಲಮ್ಮ, ಹಾಲುಗಂಟು" ಅಂತ ಮಾತ್ರೆ ಬರೆದುಕೊಟ್ಟರು. ಕಡಿಮೆಯಾಗದೆ ಮತ್ತೆ ಹೋದಾಗಲೂ ಮಾತ್ರೆಯೇ. ನಾಲ್ಕು ತಿಂಗಳು ಹಾಗೇ ಹೋಯಿತು. ಏಪ್ರಿಲ್ ಹೊತ್ತಿಗೆ ಗಂಟು ಮೂರೂವರೆ ಸೆಂಟಿಮೀಟರ್ ಆಗಿತ್ತು. ಕಂಕುಳಿನ ಗ್ರಂಥಿಗೂ ಹರಡಿತ್ತು.

ಇದರ ಬಗ್ಗೆ ನನಗೆ ಈಗಲೂ ಸಂಕಟವಿದೆ. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ನಮ್ಮ ದೇಶದಲ್ಲಿ ಈ ಕಾಯಿಲೆ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಮೂವತ್ತು, ನಲವತ್ತರ ಹೆಂಗಸರು ಇಲ್ಲಿ ಅಪರೂಪವೇನಲ್ಲ. ಗಂಟು ಸಿಕ್ಕಿದರೆ ಸ್ಕ್ಯಾನ್ ಮಾಡಿಸಿ, ಅನುಮಾನವಿದ್ದರೆ ಸೂಜಿ ಹಾಕಿ ಬಯಾಪ್ಸಿ ತೆಗೆಯಬೇಕು. ಮುಟ್ಟಿ ನೋಡಿ, ವಯಸ್ಸು ಕೇಳಿ ತೀರ್ಮಾನ ಮಾಡುವುದಲ್ಲ.

ಬಯಾಪ್ಸಿಯಲ್ಲಿ ಟ್ರಿಪಲ್ ನೆಗೆಟಿವ್ ಅಂತ ಬಂತು. ರಿಸೆಪ್ಟರ್ ಅಂದರೆ ಬೆಳೆಯುವ ಸಂಕೇತವನ್ನು ಹಿಡಿದು ಕೋಶಕ್ಕೆ ಮುಟ್ಟಿಸುವ ಪ್ರೋಟೀನ್. ಈಸ್ಟ್ರೋಜನ್, ಪ್ರೊಜೆಸ್ಟರಾನ್, ಹರ್-2 ಈ ಮೂರರಲ್ಲಿ ಯಾವ ರಿಸೆಪ್ಟರೂ ಇಲ್ಲದ ಬಗೆ. ಹಾರ್ಮೋನ್ ಮಾತ್ರೆ ಇದಕ್ಕೆ ನಾಟುವುದಿಲ್ಲ. ಚಿಕ್ಕ ವಯಸ್ಸಿನವರಲ್ಲಿ ಈ ಬಗೆ ಹೆಚ್ಚು ಕಾಣುತ್ತದೆ, ಬೇಗ ಬೆಳೆಯುತ್ತದೆ. ಹಾಗಾಗಿ ಮೊದಲು ಕಿಮೋ, ಆಮೇಲೆ ಆಪರೇಷನ್, ಕೊನೆಗೆ ಕರೆಂಟ್ ಅಂತ ನಿರ್ಧರಿಸಿದರು. ಮನೆತನದಲ್ಲಿ ಹರಿದು ಬಂದಿದೆಯಾ ಅಂತ ನೋಡಲು ಬಿಆರ್‌ಸಿಎ ಟೆಸ್ಟ್ ಮಾಡಿಸಿದರು. ಅದರಲ್ಲಿ ಏನೂ ಸಿಗಲಿಲ್ಲ. ಬಿಪಿಎಲ್ ಕಾರ್ಡ್ ಇತ್ತು. ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಚೀಟಿ ಮಾಡಿಸಿಕೊಂಡು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಶುರುವಾಯಿತು.

ಅಮ್ಮ ಬಚ್ಚಿಟ್ಟಿದ್ದು

ಜುಲೈನಲ್ಲಿ ಒಂದು ರಾತ್ರಿ. ಹುಳು ಹಣ್ಣಾಗಿದ್ದವು, ಅಂದರೆ ಗೂಡು ಕಟ್ಟುವ ಹದಕ್ಕೆ ಬಂದಿದ್ದವು. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲು ಇಡುವ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡಬೇಕು, ತಡ ಮಾಡುವ ಹಾಗಿಲ್ಲ. ನಾದಿನಿ ಕಿಮೋ ನಡುವೆ ಇದ್ದಳು, ಎದ್ದು ಓಡಾಡುವಷ್ಟೂ ಶಕ್ತಿಯಿರಲಿಲ್ಲ. ಕೈಗೊದಗಲಿ ಅಂತ ನಾನು ಹಳ್ಳಿಗೆ ಹೋಗಿದ್ದೆ. ಬಲ್ಬಿನ ಕೆಳಗೆ ಅಮ್ಮ, ನಾನು ಎದುರುಬದುರು ಕೂತು ಹುಳು ಆರಿಸುತ್ತಿದ್ದೆವು. ಅಮ್ಮ ತಲೆ ಎತ್ತದೆ ಅಂದಳು: "ಅವಳಿಗಿದ್ದಂಗೆ ನಂಗೂ ಒಂದೈತೆ ಕಣೇ. ಹೋದ ಯುಗಾದಿಗೂ ಮುಂಚಿಂದ."

ನನ್ನ ಕೈಯಲ್ಲಿದ್ದ ಹುಳು ಕೈಯಲ್ಲೇ ಉಳಿಯಿತು.

ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಈ ವಯಸ್ಸಲ್ಲಿ ಏನಾದ್ರೇನು. ಅವಳಿಗೆ ಎರಡು ಮಕ್ಳು. ದುಡ್ಡು, ಓಡಾಟ ಎಲ್ಲ ಅವಳಿಗೆ ಆಗ್ಲಿ." ನಾದಿನಿಗೆ ಚಿಕ್ಕ ವಯಸ್ಸು ಅಂತ ಬೇರೆಯವರು ತಡ ಮಾಡಿಸಿದರು. ತನಗೆ ವಯಸ್ಸಾಯಿತು ಅಂತ ಅಮ್ಮ ತಾನೇ ತಡ ಮಾಡಿಕೊಂಡಳು.

ಅಮ್ಮನ ಅದೃಷ್ಟ, ಅವಳ ಗಂಟು ಸಾವಧಾನದ್ದು, ನಿಧಾನಕ್ಕೆ ಬೆಳೆಯುವಂಥದ್ದು. 1.4 ಸೆಂಟಿಮೀಟರ್, ಕಂಕುಳಿಗೆ ಹರಡಿರಲಿಲ್ಲ. ಹಾರ್ಮೋನ್ ರಿಸೆಪ್ಟರ್ ಜೋರಾಗಿ ಪಾಸಿಟಿವ್, ಹರ್-2 ನೆಗೆಟಿವ್. ಆಗಸ್ಟಿನಲ್ಲಿ ಗಂಟನ್ನಷ್ಟೇ ಸುತ್ತಲಿನ ಸ್ವಲ್ಪ ಭಾಗದ ಜೊತೆ ತೆಗೆದರು. ಅಂಚುಗಳಲ್ಲಿ ಕ್ಯಾನ್ಸರ್ ಇರಲಿಲ್ಲ. ಕಿಮೋ ಬೇಕಿಲ್ಲ, ಲೆಟ್ರೊಜೋಲ್ ಅನ್ನುವ ಹಾರ್ಮೋನ್ ಮಾತ್ರೆ ಐದು ವರ್ಷ, ಕರೆಂಟ್ ಬಿಟ್ಟರೂ ನಡೆಯುತ್ತದೆ ಅಂದರು. ಬಸ್ಸಿನಲ್ಲಿ ಅಮ್ಮ ಆ ಪ್ರಶ್ನೆ ಕೇಳಿದ್ದು ಇದಾದ ಮೇಲೆ.

ಡಾಕ್ಟರು ಬಿಡಿಸಿ ಹೇಳಿದ್ದು

ಮುಂದಿನ ಸಲ ನಾನೊಬ್ಬಳೇ ಹೋಗಿ ರೇಡಿಯೊಥೆರಪಿ ಡಾಕ್ಟರ ಹತ್ತಿರ ನೇರವಾಗಿ ಕೇಳಿದೆ. ವಯಸ್ಸಾಯಿತು ಅಂತ ಬಿಟ್ಟಿರಾ? ಅವರಿಗೆ ಸಿಟ್ಟು ಬರಲಿಲ್ಲ. ನಾನು ಟೀಚರ್ ಅಂತ ಗೊತ್ತಾದ ಮೇಲೆ ಒಂದು ಹಾಳೆ ತಗೊಂಡು ಅಂಕಿ ಬರೆಯುತ್ತಾ ಹೋದರು.

ಗಂಟಷ್ಟೇ ತೆಗೆದು ಸ್ತನ ಉಳಿಸಿದಾಗ ಕಣ್ಣಿಗೆ ಕಾಣದ ಕ್ಯಾನ್ಸರ್ ಕೋಶ ಅಲ್ಲೇ ಉಳಿದಿರಬಹುದು. ಕರೆಂಟ್ ಕೊಡುವುದು ಅದನ್ನು ಸುಡಲಿಕ್ಕೆ. ಕೊಟ್ಟರೆ ಕಾಯಿಲೆ ಮರಳುವುದು ಹೆಚ್ಚುಕಡಿಮೆ ಅರ್ಧಕ್ಕೆ, ಕೆಲವರಲ್ಲಿ ಅದಕ್ಕಿಂತಲೂ ಕೆಳಕ್ಕೆ, ಇಳಿಯುತ್ತದೆ. ಇದು ಎಲ್ಲ ವಯಸ್ಸಿಗೂ ನಿಜ. ಆದರೆ ಯಾವುದರ ಅರ್ಧ ಅನ್ನುವುದು ಮುಖ್ಯ, ಅಲ್ವಾ? 36 ವರ್ಷದವಳಿಗೆ ಮರಳುವ ಸಾಧ್ಯತೆಯೇ ದೊಡ್ಡದು, ಅದರಲ್ಲಿ ಅರ್ಧ ಕಡಿಮೆಯಾದರೆ ದೊಡ್ಡ ಲಾಭ. 71ರ, ಸಾವಧಾನದ ಗಂಟಿನ, ಮಾತ್ರೆ ತಗೊಳ್ಳುವ ಹೆಂಗಸಿಗೆ ಅದು ಮೊದಲೇ ಚಿಕ್ಕದು.

ಅಮ್ಮನಂಥವರ ಮೇಲೆ ನಡೆದ ಪ್ರೈಮ್-2 ಅನ್ನುವ ಅಧ್ಯಯನದ ಹತ್ತು ವರ್ಷದ ಫಲಿತಾಂಶ ಆ ವರ್ಷವೇ, 2023ರಲ್ಲಿ, ಹೊರಬಂದಿತ್ತು. 65 ದಾಟಿದ 1326 ಹೆಂಗಸರು. 3 ಸೆಂಟಿಮೀಟರ್ ಮೀರದ ಗಂಟು, ಕಂಕುಳಿಗೆ ಹರಡಿಲ್ಲ, ಹಾರ್ಮೋನ್ ಪಾಸಿಟಿವ್. ಎಲ್ಲರಿಗೂ ಹಾರ್ಮೋನ್ ಮಾತ್ರೆ. ಅರ್ಧ ಜನಕ್ಕೆ ಕರೆಂಟ್, ಇನ್ನರ್ಧಕ್ಕೆ ಇಲ್ಲ. ಹತ್ತು ವರ್ಷದಲ್ಲಿ ಅದೇ ಸ್ತನದಲ್ಲಿ ಕಾಯಿಲೆ ಮರಳಿದ್ದು ಕರೆಂಟ್ ತಗೊಂಡವರಲ್ಲಿ ನೂರಕ್ಕೆ 0.9, ತಗೊಳ್ಳದವರಲ್ಲಿ 9.5. ಬದುಕಿದ್ದವರ ಲೆಕ್ಕ ಮಾತ್ರ ಎರಡೂ ಕಡೆ ನೂರಕ್ಕೆ ಸುಮಾರು 81. ತೀರಿಹೋದವರಲ್ಲಿ ಹೆಚ್ಚಿನವರು ಬೇರೆ ಕಾರಣಕ್ಕೆ ತೀರಿಕೊಂಡಿದ್ದರು. ಇದಕ್ಕೂ ಮೊದಲು ಅಮೆರಿಕದಲ್ಲಿ 70 ದಾಟಿದ 636 ಹೆಂಗಸರ ಮೇಲೆ ನಡೆದ ಅಧ್ಯಯನವೂ ಇದನ್ನೇ ತೋರಿಸಿತ್ತು. ಕರೆಂಟ್ ಕಾಯಿಲೆ ಮರಳುವುದನ್ನು ತಡೆಯುತ್ತದೆ, ಆದರೆ ಈ ಗುಂಪಿನಲ್ಲಿ ಆಯುಸ್ಸು ಹೆಚ್ಚಿಸುವುದಿಲ್ಲ.

ಈಗ ನಾದಿನಿ ಕಡೆಯ ಲೆಕ್ಕ. ಇಡೀ ಸ್ತನಕ್ಕೆ ಕರೆಂಟ್ ಕೊಟ್ಟ ಮೇಲೆ ಗಂಟಿದ್ದ ಜಾಗಕ್ಕೆ ಮಾತ್ರ ಇನ್ನಷ್ಟು ಕೊಡುತ್ತಾರೆ, ಅದಕ್ಕೆ ಬೂಸ್ಟ್ ಅನ್ನುತ್ತಾರೆ. ಯುರೋಪಿನಲ್ಲಿ ಐದು ಸಾವಿರಕ್ಕೂ ಮೇಲ್ಪಟ್ಟ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. 40ರ ಒಳಗಿನವರಲ್ಲಿ ಬೂಸ್ಟ್ ಇಲ್ಲದೆ ನೂರಕ್ಕೆ 36 ಜನಕ್ಕೆ ಅದೇ ಸ್ತನದಲ್ಲಿ ಮರಳಿತ್ತು, ಬೂಸ್ಟ್ ಕೊಟ್ಟವರಲ್ಲಿ 24.4. 60 ದಾಟಿದವರಲ್ಲಿ 12.7 ಇದ್ದದ್ದು 9.7ಕ್ಕೆ ಇಳಿದಿತ್ತು, ಅಷ್ಟೇ. ಇದಕ್ಕೆ ತೆರುವ ಬೆಲೆಯೂ ಇದೆ. ಸ್ತನ ಜಾಸ್ತಿ ಗಟ್ಟಿಯಾಗುವ ತೊಂದರೆ ಬೂಸ್ಟ್ ಇಲ್ಲದವರಲ್ಲಿ ನೂರಕ್ಕೆ 1.8, ಇದ್ದವರಲ್ಲಿ 5.2.

ನಾನು ಆ ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಈಗಲೂ ಮನೆಯಲ್ಲಿದೆ. ಕೈಬಿಟ್ಟಿದ್ದಾರೆ ಅಂದ ತಮ್ಮನಿಗೆ ಅದನ್ನು ಎರಡು ಸಲ ಓದಿ ಹೇಳಿದೆ.

ಡಾಕ್ಟರು ಕೇಳಿದ ಇನ್ನೊಂದು ವಿಷಯ ಹೇಳಬೇಕು. ಅಮ್ಮನನ್ನು ಮೊದಲ ಸಲ ನೋಡಿದಾಗ ಅವರು ವಯಸ್ಸಿನ ಮೇಲೆ ನಿಲ್ಲಲಿಲ್ಲ. "ಅಮ್ಮಾ, ಕೂತಲ್ಲಿಂದ ಕೈ ಊರದೆ ಏಳ್ತೀರಾ? ಸೊಪ್ಪಿನ ಹೊರೆ ಯಾರು ಹೊರ್ತಾರೆ? ಆರು ತಿಂಗಳಲ್ಲಿ ತೂಕ ಇಳಿದಿದೆಯಾ? ಮನೇಲಿ ಅಡುಗೆ ಯಾರದು?" ಅಂತ ಕೇಳಿದರು. ಬಿಪಿ, ಶುಗರ್, ಮೊಣಕಾಲು ನೋವು ಎಲ್ಲ ಬರೆದುಕೊಂಡರು. ಇವರು ಇನ್ನೂ ಹತ್ತು ವರ್ಷ ಚೆನ್ನಾಗಿ ಬದುಕುವವರಾ, ಯಾವುದನ್ನು ತಡೆದುಕೊಳ್ಳುತ್ತಾರೆ ಅಂತ ಅಳೆಯುವ ಪ್ರಶ್ನೆಗಳು ಅವು. 71 ಆದರೂ ದಿನಾ ತೋಟ ಸುತ್ತುವವಳೂ 71ರಲ್ಲಿ ಹಾಸಿಗೆ ಹಿಡಿದವಳೂ ಚಿಕಿತ್ಸೆಯ ಲೆಕ್ಕದಲ್ಲಿ ಒಂದೇ ವಯಸ್ಸಿನವರಲ್ಲ.

ಲೆಕ್ಕ ತಪ್ಪಿದ್ದು ಎಲ್ಲಿ

ಇಲ್ಲಿಯವರೆಗೆ ಎಲ್ಲ ಸರಿ ಅನಿಸಿತ್ತು. ಕರೆಂಟ್ ಬೇಡ, ಮಾತ್ರೆ ಸಾಕು ಅಂತ ನಾವು, ಅಂದರೆ ನಾನು ಮತ್ತು ತಮ್ಮ, ಒಪ್ಪಿ ಬಂದೆವು. ಅಮ್ಮನನ್ನು ಸರಿಯಾಗಿ ಕೇಳಲಿಲ್ಲ. ಬಸ್ಸಿನ ಓಡಾಟ ತಪ್ಪಿತಲ್ಲ ಅನ್ನುವ ನೆಮ್ಮದಿ ನಮಗೆ.

ಅಕ್ಟೋಬರ್ ಮಧ್ಯದಲ್ಲಿ ರಾಗಿ ಡಬ್ಬದಲ್ಲಿ ಕೈ ಹಾಕಿದಾಗ ನಾದಿನಿಗೆ ಲೆಟ್ರೊಜೋಲ್ ಸ್ಟ್ರಿಪ್ ಸಿಕ್ಕಿತು. ನಾಲ್ಕೇ ನಾಲ್ಕು ಮಾತ್ರೆ ಖಾಲಿ. ಉಳಿದವೆಲ್ಲ ಹಾಗೇ ಇದ್ದವು.

ಅಮ್ಮ ಅತ್ತಳು. "ಅದನ್ನ ನುಂಗಿದ್ರೆ ಕೈಬೆರಳು ಮಡಚಕ್ಕಾಗಲ್ಲ. ಸೊಪ್ಪು ಕೊಯ್ಯಕ್ಕಾಗಲ್ಲ. ಕೂತು ತಿನ್ನೋ ಹೊರೆ ಆಗಿ ಯಾಕಿರ್ಲಿ." ಮಾತ್ರೆಯಿಂದ ಕೀಲು ನೋವು ಬರುವುದು ಸಾಮಾನ್ಯ. ಅಮ್ಮನಿಗೆ ಮೊದಲೇ ಇದ್ದ ನೋವು ಹೆಚ್ಚಾಗಿದೆ, ಹಾಗಾಗಿ ನಿಲ್ಲಿಸಿಬಿಟ್ಟಿದ್ದಾಳೆ. ಎಲ್ಲರೂ ನಾದಿನಿಯ ಹಿಂದೆ ಓಡುತ್ತಿದ್ದುದರಿಂದ ನಮಗೆ ಗೊತ್ತೇ ಆಗಲಿಲ್ಲ.

ಪ್ರೈಮ್-2ರ ಅಂಕಿ ಅಷ್ಟೂ ನಿಂತಿರುವುದು ಮಾತ್ರೆಯ ಮೇಲೆ. ಕರೆಂಟೂ ಇಲ್ಲ, ಮಾತ್ರೆಯೂ ಇಲ್ಲ ಅಂದರೆ ಆ ಅಂಕಿ ಅಮ್ಮನದಲ್ಲ. ವಿಜ್ಞಾನ ಕಲಿಸುವ ನನಗೆ ಇದು ಹೊಳೆಯಬೇಕಿತ್ತು. ಐದು ವರ್ಷ ದಿನಾ ಮಾತ್ರೆ ನುಂಗುತ್ತೀಯಾ, ಕಷ್ಟವಾದರೆ ಹೇಳುತ್ತೀಯಾ ಅಂತ ಅಮ್ಮನನ್ನು ಒಂದು ಮಾತು ಕೇಳಬೇಕಿತ್ತು.

ಮಾರನೇ ದಿನವೇ ಕರೆದುಕೊಂಡು ಹೋದೆವು. ಆಪರೇಷನ್ ಆಗಿ ಹತ್ತು ವಾರ ಆಗುತ್ತಾ ಬಂದಿತ್ತು. ಇನ್ನೂ ತಡವಾಗಿಲ್ಲ ಅಂದರು ಡಾಕ್ಟರು. ಈ ಸಲ ನಮ್ಮ ಕಡೆ ನೋಡದೆ ಅಮ್ಮನ ಕಡೆಗೇ ಕುರ್ಚಿ ತಿರುಗಿಸಿಕೊಂಡು ಮಾತಾಡಿದರು. ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಮೂಳೆ ಸವೆದಿತ್ತು. ಲೆಟ್ರೊಜೋಲ್ ಜಾತಿಯ ಮಾತ್ರೆ ಮೂಳೆಯನ್ನು ಇನ್ನೂ ತೆಳು ಮಾಡುತ್ತದೆ. ಹಾಗಾಗಿ ಬರೀ ಅದನ್ನೇ ನಂಬಿಕೊಳ್ಳುವ ಬದಲು ಕರೆಂಟನ್ನೂ ಕೊಡೋಣವಾ ಅಂತ ಕೇಳಿದರು.

"ಎಷ್ಟು ದಿನ?"

"ಐದು."

ಅಮ್ಮ ನಂಬಲಿಲ್ಲ. "ಇಪ್ಪತ್ತಲ್ವಾ?"

ಇಂಗ್ಲೆಂಡಿನ ಕಡೆ 4096 ಜನರ ಮೇಲೆ ನಡೆದ ಫಾಸ್ಟ್-ಫಾರ್ವರ್ಡ್ ಅನ್ನುವ ಅಧ್ಯಯನದಿಂದ ಬಂದ ಪದ್ಧತಿ ಇದು. ಮೂರು ವಾರ, ಹದಿನೈದು ಸಲ ಕೊಡುತ್ತಿದ್ದ 40 ಗ್ರೇ ಬದಲು ಒಂದೇ ವಾರದಲ್ಲಿ ಐದು ಸಲಕ್ಕೆ 26 ಗ್ರೇ. ಗ್ರೇ ಅಂದರೆ ವಿಕಿರಣದ ಅಳತೆ. ಐದು ವರ್ಷದಲ್ಲಿ ಕಾಯಿಲೆ ಮರಳಿದ್ದು ಮೂರು ವಾರದ ಗುಂಪಿನಲ್ಲಿ ನೂರಕ್ಕೆ 2.1, ಒಂದು ವಾರದ ಗುಂಪಿನಲ್ಲಿ 1.4. ಅದು 2020ರಲ್ಲಿ ಪ್ರಕಟವಾಯಿತು. ಊರಿಂದ ಅರವತ್ತು ಕಿಲೋಮೀಟರಿಗೂ ಮೇಲೆ ಓಡಾಡುವ ವಯಸ್ಸಾದವರಿಗೆ ಐದಕ್ಕೂ ಹದಿನೈದಕ್ಕೂ ಎಷ್ಟು ವ್ಯತ್ಯಾಸ ಅಂತ ಬಸ್ಸಿನಲ್ಲಿ ಓಡಾಡಿದವರಿಗೇ ಗೊತ್ತು.

"ಐದು ದಿನ ತಾನೆ, ಹುಳುಗೆ ಒಂದು ಜ್ವರ ಬಂದು ಏಳೋದ್ರೊಳಗೆ ಮುಗಿಯುತ್ತೆ" ಅಂದಳು ಅಮ್ಮ. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಡಾಕ್ಟರಿಗೆ ಅರ್ಥವಾಗಲಿಲ್ಲ. ಅಮ್ಮನೇ ಬಿಡಿಸಿ ಹೇಳಿದಳು. ನಾಲ್ಕು ಜ್ವರ ದಾಟಿದ ಹುಳುವೇ ಗೂಡು ಕಟ್ಟೋದು ಅಂತ. ಆ ಆಸ್ಪತ್ರೆಯಲ್ಲಿ ಅಮ್ಮ ಅಷ್ಟು ಮಾತಾಡಿದ್ದು ಅದೇ ಮೊದಲು.

ಅಕ್ಟೋಬರ್ ಕೊನೆಯಲ್ಲಿ ಅಮ್ಮನ ಐದು ದಿನ ಮುಗಿಯಿತು. ಚರ್ಮ ಸ್ವಲ್ಪ ಕೆಂಪಾಯಿತು, ಎರಡು ವಾರದಲ್ಲಿ ಹೋಯಿತು. ಲೆಟ್ರೊಜೋಲ್ ನಿಲ್ಲಿಸಿ ಅದೇ ಜಾತಿಯ ಬೇರೆ ಮಾತ್ರೆ ಕೊಟ್ಟರು. ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ. ಒಂದು ಮಾತ್ರೆ ಒಗ್ಗದವರಿಗೆ ಇನ್ನೊಂದು ಒಗ್ಗುವುದುಂಟು. ಅಮ್ಮನಿಗೆ ಒಗ್ಗಿತು. ನೋವು ಪೂರ್ತಿ ಹೋಗಿಲ್ಲ, ಆದರೆ ಬೆರಳು ಮಡಚುತ್ತಾಳೆ.

ನಾದಿನಿಯ ಇಪ್ಪತ್ತು ದಿನ

ಕಿಮೋ ಮುಗಿದು ನವೆಂಬರಿನಲ್ಲಿ ಆಪರೇಷನ್ ಆಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ತೆಗೆದ ಭಾಗದಲ್ಲಿ ಜೀವಂತ ಕ್ಯಾನ್ಸರ್ ಕೋಶ ಕಾಣಲಿಲ್ಲ. ಅದು ಒಳ್ಳೆಯ ಸೂಚನೆ. ಹಾಗಿದ್ದರೆ ಕರೆಂಟ್ ಯಾಕೆ ಅಂತ ತಮ್ಮ ಕೇಳಿದ. ಶುರುವಿನಲ್ಲಿ ಕಂಕುಳಿಗೆ ಹೋಗಿತ್ತಲ್ಲ, ಜೊತೆಗೆ ಚಿಕ್ಕ ವಯಸ್ಸು, ಅದಕ್ಕೆ ಬಿಡುವಂತಿಲ್ಲ ಅಂದರು. ಡಿಸೆಂಬರ್ ಕೊನೆಗೆ ಶುರುವಾಗಿ ಜನವರಿ 2024ಕ್ಕೆ ಮುಗಿಯಿತು. ಮೂರು ವಾರ ಇಡೀ ಸ್ತನಕ್ಕೆ ಮತ್ತು ಕತ್ತಿನ ಬುಡಕ್ಕೆ 40 ಗ್ರೇ, ನಾಲ್ಕನೇ ವಾರ ಗಂಟಿದ್ದ ಜಾಗಕ್ಕೆ 10 ಗ್ರೇ ಬೂಸ್ಟ್. ಬೆಳಿಗ್ಗೆ ಮೊದಲ ಬಸ್ಸು, ಮಧ್ಯಾಹ್ನಕ್ಕೆ ವಾಪಸ್. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಗಿದ್ದರಿಂದ ಹೆಂಗಸರಿಗೆ ಟಿಕೆಟ್ ಇರಲಿಲ್ಲ. ಹಾಗಾಗಿ ಅವಳ ಜೊತೆ ದಿನಾ ಯಾರಾದರೊಬ್ಬರು ಹೋಗಲು ಆಯಿತು. ಕೊನೆಯ ವಾರ ಅಮ್ಮನೇ ಹೋದಳು.

ಎಡಗಡೆಯಾದ್ದರಿಂದ ಕೆಳಗೇ ಹೃದಯ. ಉಸಿರು ಎಳೆದು ಹಿಡಿದರೆ ಶ್ವಾಸಕೋಶ ಉಬ್ಬಿ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ. ಆ ಹೊತ್ತಿನಲ್ಲಷ್ಟೇ ಮಿಷಿನ್ ಬೀಮ್ ಬಿಡುತ್ತದೆ. ಇದನ್ನು ಅವಳು ಮನೆಯಲ್ಲಿ ಚಾಪೆ ಮೇಲೆ ಮಲಗಿ ಅಭ್ಯಾಸ ಮಾಡುತ್ತಿದ್ದಳು. ದೊಡ್ಡ ಮಗಳು ಪಕ್ಕದಲ್ಲಿ ಕೂತು ಒಂದರಿಂದ ಇಪ್ಪತ್ತು ಎಣಿಸುತ್ತಿದ್ದಳು. ಮಗು ಬೇಗ ಬೇಗ ಎಣಿಸಿದರೆ, "ನಿಧಾನ ಕಣೇ, ಡಾಕ್ಟರ್ ನಿಧಾನಕ್ಕೆ ಎಣಿಸ್ತಾರೆ" ಅನ್ನುತ್ತಿದ್ದಳು.

ಸ್ವೀಡನ್ ಮತ್ತು ಡೆನ್ಮಾರ್ಕಿನ 2168 ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೃದಯಕ್ಕೆ ತಗಲುವ ಸರಾಸರಿ ಡೋಸ್ ಒಂದು ಗ್ರೇ ಹೆಚ್ಚಾದರೆ ದೊಡ್ಡ ಹೃದಯ ಕಾಯಿಲೆಯ ಸಾಧ್ಯತೆ ಶೇ. 7.4ರಷ್ಟು ಏರುತ್ತದೆ. ಈ ತೊಂದರೆ ಐದಾರು ವರ್ಷಕ್ಕೂ ಕಾಣಿಸಬಹುದು, ಇಪ್ಪತ್ತು ವರ್ಷ ಬಿಟ್ಟೂ ಕಾಣಿಸಬಹುದು. 36ರವಳಿಗೆ ಮುಂದೆ ನಲವತ್ತು ವರ್ಷದ ಬಾಳಿದೆ. ಕಾಯಿಲೆ ತಡೆಯಲು ಜಾಸ್ತಿ ಕರೆಂಟ್ ಬೇಕಾದದ್ದೂ ಅವಳಿಗೆ, ಅದರ ಅಡ್ಡ ಪರಿಣಾಮವನ್ನು ಜಾಸ್ತಿ ವರ್ಷ ಹೊತ್ತು ತಿರುಗಬೇಕಾದದ್ದೂ ಅವಳಿಗೇ. ಚಿಕ್ಕ ವಯಸ್ಸು, ಎಲ್ಲ ತಡಕೊಳ್ಳುತ್ತೆ ಅಂತ ಊರವರು ಸುಲಭವಾಗಿ ಅಂದುಬಿಡುತ್ತಾರೆ. ನನಗೆ ಆ ಮಾತು ಕೇಳಿದರೆ ಈಗ ತಡೆಯಲಾಗುವುದಿಲ್ಲ.

ಮೂರನೇ ವಾರದಲ್ಲಿ ಸ್ತನದ ಕೆಳಗಿನ ಮಡಿಕೆಯಲ್ಲಿ ಚರ್ಮ ಕಪ್ಪಾಗಿ ಸುಲಿಯಿತು. ಮೈಮೇಲೆ ಹಾಕಿದ್ದ ಗೆರೆ ಅಳಿಸಬಾರದು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದಳು. ಆಯಾಸ ಮಾತ್ರ ಬೇಸಿಗೆವರೆಗೂ ಬಿಡಲಿಲ್ಲ. ಕಿಮೋದಿಂದ ಮುಟ್ಟು ನಿಂತದ್ದು ಮತ್ತೆ ಬರಲಿಲ್ಲ. 37ಕ್ಕೇ ಮೈ ಬಿಸಿಯೇರುವುದು, ನಿದ್ದೆ ಬಾರದಿರುವುದು. "ಅತ್ತೆಗೆ ಹೇಳಿದ್ರೆ ಅರ್ಥ ಆಗುತ್ತೆ ಅಕ್ಕ, ನನ್ನ ವಯಸ್ಸಿನೋರಿಗೆ ಆಗಲ್ಲ" ಅಂದಳು ಒಂದು ಸಲ.

ಈಗ

ಇಬ್ಬರಿಗೂ ವರ್ಷಕ್ಕೊಂದು ಮ್ಯಾಮೊಗ್ರಾಂ ನಡೆಯುತ್ತಿದೆ. ಕಾಯಿಲೆ ಇದುವರೆಗೆ ಕಾಣಿಸಿಲ್ಲ. ಟ್ರಿಪಲ್ ನೆಗೆಟಿವ್ ಮರಳುವುದಾದರೆ ಹೆಚ್ಚಾಗಿ ಮೊದಲ ಕೆಲವು ವರ್ಷದಲ್ಲೇ. ಹಾಗಾಗಿ ನಾದಿನಿಯ ಪ್ರತಿ ಚೆಕಪ್ಪಿನ ಹಿಂದಿನ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಅಮ್ಮನ ಬಗೆಯದು ಹತ್ತು ವರ್ಷ ಬಿಟ್ಟೂ ಬರಬಹುದು, ಅದಕ್ಕೇ ಮಾತ್ರೆ ಬಿಡಬಾರದು.

ನಾದಿನಿಯ ಎಡಗೈ ಭುಜ ಬಿಗಿದುಕೊಂಡಿತ್ತು. ಚಂದ್ರಿಕೆ ಎತ್ತಿ ಗೋಡೆಗೆ ಒರಗಿಸಲು ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಹಾಗೆ ಗೋಡೆಯ ಮೇಲೆ ಬೆರಳಲ್ಲಿ ನಡೆಯುತ್ತಾ ಕೈ ಮೇಲಕ್ಕೆ ಒಯ್ಯುವ ವ್ಯಾಯಾಮ ದಿನಾ ಮಾಡಿದಳು. ಹುಳುಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ವಾರ ವಾರ ಗೆರೆ ಹಾಕಿದ್ದಾಳೆ. ಕೊನೆಯ ಗೆರೆ ಬಾಗಿಲ ಮೇಲ್ಪಟ್ಟಿಯ ಎತ್ತರಕ್ಕಿದೆ. ಕೈ ಊದದಿರಲಿ ಅಂತ ಎಡಗೈಗೆ ಗಾಯ ಆಗದಂತೆ ನೋಡಿಕೊಳ್ಳುತ್ತಾಳೆ. ಹಿಪ್ಪುನೇರಳೆ ಕೊಯ್ಯುವಾಗ ಆ ಕೈಗೆ ದಪ್ಪ ಗ್ಲೌಸ್.

ಅಮ್ಮನ ಮಾತ್ರೆ ಡಬ್ಬಿ ಈಗ ರಾಗಿಯೊಳಗಿಲ್ಲ, ಹುಳುಮನೆಯ ಕಿಟಕಿಯಲ್ಲಿದೆ. ರಾತ್ರಿ ಹುಳುವಿಗೆ ಕೊನೆಯ ಸೊಪ್ಪು ಹಾಕಿ ಕೈ ತೊಳೆದ ಮೇಲೆ ನುಂಗುತ್ತಾಳೆ. ನುಂಗಿದ ಮೇಲೆ ಸ್ಟ್ರಿಪ್ ಎತ್ತಿ ಸೊಸೆಗೆ ತೋರಿಸುತ್ತಾಳೆ. ಬೆಳೆ ಇಲ್ಲದ ದಿನಗಳಲ್ಲಿ ಮರೆಯುತ್ತೇನೆ ಅಂತ ಅಮ್ಮನೇ ಹೇಳಿದ್ದರಿಂದ ಆ ದಿನಗಳಲ್ಲಿ ನಾನು ಚಿಕ್ಕಬಳ್ಳಾಪುರದಿಂದ ಒಂಬತ್ತಕ್ಕೆ ಫೋನ್ ಮಾಡುತ್ತೇನೆ.